ಬುಡಿ ಮುಕ್ತಿನಾಥಕ್ಕೆ ಹೋದದ್ದು

ಬೆಟ್ಟದಪುರ

ನೇಪಾಳಕ್ಕೆ ಹೋಗಿಬಂದೆ ಎಂದರೆ ನಮ್ಮೂರಿನಲ್ಲಿ ಮೊದಲು ಕೇಳುವುದು ರೈಲಿನಲ್ಲೋ ವಿಮಾನದಲ್ಲೋ ಎಂದು. ಕಾರಿನಲ್ಲಿ ಎಂದರೆ ಯಾವ ಕಾರಿನಲ್ಲಿ ಎನ್ನುತ್ತಾರೆ. ನಮ್ಮ ಮಾವನವರ ಕಾರಿನಲ್ಲಿ ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ನನ್ನ ಮುಖವನ್ನೊಮ್ಮೆ ನೋಡಿ, "ಸುಳ್ಳೇಳ್ಬ್ಯಾಡ ಕಣಕ್ಕ" ಎಂದು ನಕ್ಕು ಹೊರಟುಬಿಡುತ್ತಾರೆ. ಹಾಗೆ ಹೊರಟವರನ್ನೆಲ್ಲ ಹಿಡಿದು ಕೂರಿಸಿ ಹೇಳುವಷ್ಟು ತಾಳ್ಮೆ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾರು ಇಂಗ್ಲೆಂಡಿನದು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಗಿ ಎಷ್ಟೋ ಕಾಲವಾಯಿತು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ಊರು ಬಿಟ್ಟು ಹೋಗುವಾಗ ನಮ್ಮ ಮಾವನವರು ಕೊಂಡದ್ದು. ಕಪ್ಪು ಬಣ್ಣ, ಗುಂಡು ತಲೆ, ಮುಂದೆ ಎರಡು ದೊಡ್ಡ ಕಣ್ಣು, ಹಿಂದಿನ ಗಾಜಿನ ಮೇಲೆ ಮಾವನವರೇ ಬರೆಸಿದ "ಶ್ರೀ ಸಿಡಿಲು ಮಲ್ಲಿಕಾರ್ಜುನ ಪ್ರಸನ್ನ". ಅದು ನಮ್ಮ ಬೆಟ್ಟದ ಮೇಲಿನ ದೇವರು. ಬೆಳಗ್ಗೆ ಚಳಿಯಿದ್ದರೆ ಸ್ಟಾರ್ಟರ್ ಕೈಕೊಡುತ್ತದೆ. ಆಗ ಮುಂದುಗಡೆಯಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಲ್ಲಿ ತಿರುಗಿಸಬೇಕು. ನಾನು ಮದುವೆಯಾಗಿ ಬಂದ ವರ್ಷ ಮಾವನವರು ಕೆರೆ ಏರಿಯ ಮೇಲೆ ನನ್ನನ್ನು ಕೂರಿಸಿ ಓಡಿಸುವುದನ್ನು ಕಲಿಸಿದರು. "ಕ್ಲಚ್ ಬುಡವ್ವ. ಮೆಲ್ಲುಕ್ ಬುಡು. ನಡೆಯೋದ್ ಕಲಿಯೋ ಮಗೀನ ಕೈ ಬುಡ್ತೀವಲ್ಲ, ಅಂಗೆ ಬುಡು" ಎಂದು ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಸೊಸೆಗೆ ಕಾರು ಕಲಿಸುವ ಮಾವ ನಮ್ಮ ಕಡೆ ಇನ್ನೊಬ್ಬರಿರಲಿಲ್ಲ. ಊರಿನವರು ಏರಿಯ ಕೆಳಗೆ ನಿಂತು, ಇವಳು ಯಾವಾಗ ಉರುಳಿಸುತ್ತಾಳೆ ಎಂದು ಕಾಯುತ್ತಿದ್ದರು.

ಉರುಳಿಸಿದ್ದು ನಾನಲ್ಲ, ನಮ್ಮ ಭಾವ ನಂಜುಂಡಪ್ಪನವರು. ನನ್ನ ಗಂಡನ ಅಣ್ಣ. ಈಗ ಕೆ.ಆರ್. ನಗರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡು ಗೌರವವಾಗಿದ್ದಾರೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಒಮ್ಮೆ ಕಾರನ್ನು ತೆಗೆದುಕೊಂಡು ಹೋಗಿ ನಾಲೆಗೆ ಇಳಿಸಿದ್ದರಂತೆ. ಎತ್ತು ಕಟ್ಟಿ ಎಳೆಸಿದರಂತೆ. ಮಾವನವರು ಬೈಯಲಿಲ್ಲ, ಹೊಡೆಯಲಿಲ್ಲ. ಕೀಲಿಕೈಯನ್ನು ಮಗನ ಕೈಯಿಂದ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಬದುಕಿರುವ ತನಕ ಮತ್ತೆ ಕೊಡಲಿಲ್ಲ. ಆಮೇಲೆ ಸೊಸೆಗೆ ಕಲಿಸಿದರು ನೋಡಿ, ಅದು ಭಾವನವರಿಗೆ ಎಲ್ಲಿ ಚುಚ್ಚಿತೋ ಅಲ್ಲೇ ಉಳಿದಿದೆ.

ಮಾವನವರು ಹೋದ ಮೇಲೆ ಕಾರು ಅಣ್ಣತಮ್ಮಂದಿರಿಬ್ಬರ ಪಾಲಿಗೆ ಬಂತು. ಓಡಿಸುವವಳು ನಾನು. ಹೋದ ವರ್ಷ ಎಚ್.ಡಿ. ಕೋಟೆ ಕಡೆಯ ಒಂದು ರೆಸಾರ್ಟಿನವರು ಬಂದು ಕಾರನ್ನು ಕೇಳಿದರು. ಕಬಿನಿ ಹಿನ್ನೀರಿಗೆ ಹುಲಿ ನೋಡಲು ಬರುವವರಿಗೆ ಬಾಗಿಲಲ್ಲೇ ಒಂದು ಶೋಭೆ ಬೇಕಂತೆ. ಎಂಜಿನ್ ತೆಗೆದು, ಆ ಜಾಗಕ್ಕೆ ಮಣ್ಣು ತುಂಬಿ, ಹೂವಿನ ಗಿಡ ನೆಡುತ್ತಾರಂತೆ. ಭಾವ ಕೂತಲ್ಲೇ ಒಪ್ಪಿಕೊಂಡರು. ನನಗೆ ಮೈ ಉರಿದುಹೋಯಿತು.

"ಇದು ಓಡೋ ಗಾಡಿ ಭಾವ. ಹೂವಿನ ಕುಂಡ ಅಲ್ಲ" ಎಂದೆ.

"ಎಲ್ಲಿಗವ್ವ ಓಡ್ತದೆ? ಪಿರಿಯಾಪಟ್ಣಕ್ಕೆ ಓಗೋದ್ರೊಳಗೆ ಎರಡು ಸಲ ನೀರು ಕುಡೀತದೆ" ಎಂದರು ಭಾವ.

"ಮುಕ್ತಿನಾಥಕ್ಕೆ ಓಡ್ತದೆ" ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು. ಯಾಕೆ ಬಂತೆಂದರೆ, ನಮ್ಮ ವಾರಗಿತ್ತಿ ಜಯಕ್ಕ, ಅಂದರೆ ಭಾವನವರ ಹೆಂಡತಿ, ಎಷ್ಟೋ ವರ್ಷದಿಂದ ಮುಕ್ತಿನಾಥ ಮುಕ್ತಿನಾಥ ಎನ್ನುತ್ತಿದ್ದಳು. ಶಿವಭಕ್ತರ ಮನೆಯವಳಿಗೆ ವಿಷ್ಣುವಿನ ಕ್ಷೇತ್ರ ಯಾಕೆ ಎಂದರೆ, "ಯಾರಾದ್ರೇನು, ಅಷ್ಟೆತ್ತರಕ್ಕೋಗಿ ಕೂತವ್ನಲ್ಲ, ಒಂದ್ಸಲ ಮಾತಾಡಿಸ್ಕೊಂಡ್ ಬರಾನ" ಎನ್ನುತ್ತಿದ್ದಳು. ಅವಳು ಆ ಮಾತನ್ನು ಹಿಡಿದುಕೊಂಡು ಕೂತೇಬಿಟ್ಟಳು. ಭಾವ ಲೆಕ್ಕದ ಮನುಷ್ಯ. ಸ್ವಲ್ಪ ಯೋಚಿಸಿ ಕೈ ಚಾಚಿದರು.

"ಸರಿ. ನಾನೂ ಬತ್ತೀನಿ, ಕಣ್ಣಾರೆ ನೋಡ್ಬೇಕು. ಎಲ್ಲಾದ್ರೂ ಒಂದ್ಕಡೆ ಅಗ್ಗ ಕಟ್ಟಿಸ್ಕೊಂಡು ಎಳೆಸ್ಕೊಂಡ್ರೆ ಗಾಡಿ ರೆಸಾರ್ಟಿಗೆ. ಕಟ್ಟಿಸ್ಕೊಳ್ದೆ ಬಂದ್ರೆ ಮನೇಲಿರ್ಲಿ. ಕೈಯಲ್ಲಿ ತಳ್ಳೋದು ಲೆಕ್ಕಕ್ಕಿಲ್ಲ, ಅದನ್ನ ಎಲ್ಲಾ ಗಾಡಿಗೂ ತಳ್ತಾರೆ."

ಹೊಗೆಸೊಪ್ಪಿನ ಹರಾಜು ಮುಗಿದ ಮೇಲೆ ಹೊರಟೆವು. ನನ್ನ ಗಂಡ ಸಸಿಮಡಿ ನೋಡಿಕೊಳ್ಳಬೇಕು ಎಂದು ಉಳಿದುಕೊಂಡರು. ಅವರು ಇದ್ದಿದ್ದರೆ ದಾರಿಯುದ್ದಕ್ಕೂ ಅಣ್ಣನಿಗೂ ಹೆಂಡತಿಗೂ ನಡುವೆ ಸಿಕ್ಕಿ ನಲುಗುತ್ತಿದ್ದರು.

ಸುನೌಲಿ

ಬಯಲು ಸೀಮೆಗಳನ್ನು ದಾಟಿದ್ದು ಹೇಳಲು ಹೋಗುವುದಿಲ್ಲ. ಬಿಸಿಲು, ಲಾರಿ, ಬೇವಿನ ಮರ ಕಂಡಲ್ಲೆಲ್ಲ ನಿಲ್ಲಿಸಿ ರೇಡಿಯೇಟರಿಗೆ ನೀರು. ಗಡಿ ದಾಟುವ ಜಾಗದಲ್ಲಿ ಒಂದು ಕಮಾನು ಇದೆ. ಈಚೆಗೆ ಭಾರತ, ಆಚೆಗೆ ನೇಪಾಳ. ನಡುವೆ ಸೈಕಲ್ಲು, ಕೋಳಿ ಬುಟ್ಟಿ, ಮದುವೆಯ ದಿಬ್ಬಣ ಎಲ್ಲವೂ ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಓಡಾಡುವ ಹಾಗೆ ಓಡಾಡುತ್ತವೆ. ಪರದೇಶ ಎಂದರೆ ಏನೋ ಬೇರೆಯೇ ಗಾಳಿ ಬೀಸುತ್ತದೆ ಎಂದುಕೊಂಡಿದ್ದ ಜಯಕ್ಕನಿಗೆ ಮೋಸವಾದಂತಾಯಿತು. ಸಪ್ಪಗೆ ಕಂಬಳಿಯನ್ನು ತಲೆ ತುಂಬ ಹೊದ್ದುಕೊಂಡು ಹಿಂದಿನ ಸೀಟಿನಲ್ಲಿ ಮಲಗಿಬಿಟ್ಟಳು.

ಆಚೆ ಕಡೆ ಒಬ್ಬ ಪೊಲೀಸಿನವನು ತಡೆದ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ, ಕಾರನ್ನು ಸುತ್ತಿ ಸುತ್ತಿ ನೋಡಿದ. ಭಾವನವರಿಗೆ ಹಿಂದಿ ಬಾರದು. ಆದರೆ ಪೊಲೀಸರನ್ನು ಕಂಡರೆ ಸುಮ್ಮನಿರಲೂ ಬಾರದು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಿಳಿಕೆರೆ ಚೆಕ್‌ಪೋಸ್ಟಿನಲ್ಲಿ ಹೇಳುವ ಹಾಗೆ, "ಬುಡಿ ಸಾರ್, ಬುಡಿ" ಎಂದರು.

ಪೊಲೀಸಿನವನು ಕಾಗದದಿಂದ ತಲೆಯೆತ್ತಿದ. "ಬುಢೀ?" ಎಂದ. ಭಾವನವರು ಖುಷಿಯಾಗಿ "ಊಂ, ಬುಡಿ" ಎಂದರು. ಅವನು ಹಿಂದಿನ ಕಿಟಕಿಗೆ ಬಂದು, ಕೈಯನ್ನು ಹಣೆಗೆ ಅಡ್ಡ ಹಿಡಿದು ಒಳಗೆ ನೋಡಿದ. ಕಂಬಳಿಯೊಳಗೆ ಜಯಕ್ಕ ಮೆಲ್ಲಗೆ ನರಳಿದಳು. ಅವನ ಮುಖ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಕೈ ಮುಗಿದ. "ಜಾನುಸ್, ಜಾನುಸ್" ಎಂದು ದಾರಿ ಬಿಟ್ಟ.

"ನೋಡ್ದಾ ರತ್ನಮ್ಮ," ಎಂದರು ಭಾವ, "ಇವ್ರಿಗೆ ಕನ್ನಡ ತಿಳೀತದೆ."

ನಾನು ನಂಬಲಿಲ್ಲ. ಆದರೆ ಮುಂದಿನ ಪ್ರತಿಯೊಂದು ಚೆಕ್‌ಪೋಸ್ಟಿನಲ್ಲೂ ಅದೇ ನಡೆಯಿತು. ಭಾವ "ಬುಡಿ ಸಾರ್" ಎನ್ನುವುದು, ಪೊಲೀಸಿನವನು ಹಿಂದೆ ಇಣುಕುವುದು, ಜಯಕ್ಕನಿಗೆ ಕೈ ಮುಗಿಯುವುದು, ಬಿಡುವುದು. ಜಯಕ್ಕನಿಗಂತೂ ದೇಶವೇ ಇಷ್ಟವಾಗಿಹೋಯಿತು. "ಎಂಗಸರಿಗೆ ಎಷ್ಟು ಮರ್ಯಾದೆ ಕೊಡ್ತಾರೆ ನೋಡವ್ವ" ಎಂದು ಪ್ರತಿ ಸಲವೂ ಸೆರಗು ಸರಿಮಾಡಿಕೊಂಡು ಕೂರುತ್ತಿದ್ದಳು.

ತಾನ್ಸೇನ್

ಬಯಲು ಮುಗಿದು ಬೆಟ್ಟ ಶುರುವಾಗುವುದು ಒಂದೇ ಏಟಿಗೆ. ನಮ್ಮ ಕಡೆ ಬೆಟ್ಟ ಬರುವ ಮುಂಚೆ ದಿಣ್ಣೆ ಬರುತ್ತದೆ, ಬೋರೆ ಬರುತ್ತದೆ. ಇಲ್ಲಿ ಅಂಗಡಿ ಬೀದಿ ಮುಗಿದದ್ದೇ ಗೋಡೆ. ಗಾಡಿ ಎರಡನೇ ಗೇರಿನಲ್ಲಿ ಉಸ್ಸೆನ್ನುತ್ತ ಹತ್ತಿತು. ಇಳಿಜಾರಿನಲ್ಲಿ ಕೆಂಪು ಹೂವಿನ ಮರಗಳು, ನಮ್ಮ ಮುತ್ತುಗದಷ್ಟೇ ಕೆಂಪು. ಅದನ್ನು ಅಲ್ಲಿನ ಹೆಂಗಸರು ಜಡೆಗೆ ಸಿಕ್ಕಿಸಿಕೊಂಡು ಬೆನ್ನ ಮೇಲೆ ಬುಟ್ಟಿ ಹೊತ್ತು, ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಏರುತ್ತಿದ್ದರು. ನಮ್ಮ ಗಾಡಿಗಿಂತ ಮುಂದೆ ಹೋದರು.

ತಾನ್ಸೇನಿನಲ್ಲಿ ಬೆಳಗ್ಗೆ ಕೋಣೆಯ ಹೊರಗೆ ಹಲ್ಲುಜ್ಜುತ್ತ ನಿಂತಿದ್ದೆವು. ಕಣಿವೆಯಲ್ಲಿ ಮಂಜು ತುಂಬಿಕೊಂಡಿತ್ತು. ಭಾವ ಆಕಾಶ ನೋಡಿ, "ಮೋಡ ಕಟ್ಟದೆ. ಮಳೆ ಬತ್ತದೆ ಇವತ್ತು, ಓಗೋದು ಬ್ಯಾಡ" ಎಂದರು. ಹೋಟೆಲಿನಾಕೆ ನಕ್ಕು ತಲೆಯಲ್ಲಾಡಿಸಿ ಏನೋ ಅಂದಳು. ಬೆರಳು ತೋರಿಸಿದಳು. ಬಿಸಿಲು ಏರಿತು. ಮೋಡ ಕದಲಲಿಲ್ಲ. ಅಂಚು ಗಟ್ಟಿಯಾಯಿತು, ಮಡಿಕೆಗಳು ಕಂಡವು, ನೆರಳು ಕಂಡಿತು. ಆಮೇಲೆ ಗೊತ್ತಾಯಿತು, ಅದು ಹಿಮದ ಬೆಟ್ಟ. ಅಷ್ಟು ಎತ್ತರದಲ್ಲಿ ನೆಲ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ಆಕಾಶವೆಂದು ಬಿಟ್ಟುಕೊಟ್ಟಿದ್ದ ಜಾಗದಲ್ಲೆಲ್ಲ ಬೆಟ್ಟವೇ ನಿಂತಿತ್ತು. ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಎಷ್ಟು ಹೊತ್ತು ನಿಂತೆನೋ ತಿಳಿಯದು. ಜಯಕ್ಕ ಕೈ ಮುಗಿದು ಕೂತುಬಿಟ್ಟಿದ್ದಳು. ಭಾವ ಮಾತ್ರ ಕಾರಿನ ಕಡೆಗೊಮ್ಮೆ, ಬೆಟ್ಟದ ಕಡೆಗೊಮ್ಮೆ ನೋಡಿ, "ಇದು ಅಲ್ಲಿಗೋಯ್ತದಾ?" ಎಂದು ಮೆಲ್ಲಗೆ ಕೇಳಿದರು. ನನಗೂ ಅದೇ ಪ್ರಶ್ನೆ ಎದ್ದಿತ್ತು. ಹೊರಗೆ ತೋರಿಸಲಿಲ್ಲ.

ತಾತೋಪಾನಿ

ಪೋಖರಾ ಬಿಟ್ಟ ಮೇಲೆ ಕಾಳಿಗಂಡಕಿ ನದಿ ಸಿಗುತ್ತದೆ. ಆಮೇಲೆ ದಾರಿ ಎಂದರೆ ನದಿ, ನದಿ ಎಂದರೆ ದಾರಿ. ನೀರು ಬೂದಿ ಕಲಸಿದ ಬಣ್ಣ. ಕಾವೇರಿ ಕೆ.ಆರ್. ನಗರದಲ್ಲಿ ಮಾತಾಡಿಕೊಂಡು ಹೋಗುತ್ತಾಳೆ, ಇದು ಕೂಗಿಕೊಂಡು ಹೋಗುತ್ತದೆ. ಎರಡು ಕಡೆಯ ಬೆಟ್ಟ ಎಷ್ಟು ಹತ್ತಿರವೆಂದರೆ ಸೂರ್ಯ ತಡವಾಗಿ ಬಂದು ಬೇಗ ಹೊರಟುಹೋಗುತ್ತಾನೆ. ಇಂಥ ಕಡೆ ಮನುಷ್ಯರು ಹೊಲ ಮಾಡಿದ್ದಾರೆ, ಮೆಟ್ಟಿಲು ಮೆಟ್ಟಿಲಾಗಿ, ಒಂದೊಂದು ಹೊಲ ನಮ್ಮ ಮನೆಯ ಜಗಲಿಯಷ್ಟು. ನಮ್ಮ ಸಮತಟ್ಟು ನೆಲದ ಬಗ್ಗೆ ಗೊಣಗಿದ್ದೆಲ್ಲ ನೆನಪಾಯಿತು.

ತಾತೋಪಾನಿಯಲ್ಲಿ ಬಿಸಿನೀರಿನ ಬುಗ್ಗೆ ಇದೆ. ಊರಿನ ಹೆಸರೇ ಬಿಸಿನೀರು. ಅದಕ್ಕಿಂತ ದೊಡ್ಡ ಸಂಗತಿ ಊಟದ್ದು. ದಿನವೂ ಅನ್ನ, ಬೇಳೆ, ಸೊಪ್ಪು ತಿಂದು ಭಾವ ಸೊರಗಿಹೋಗಿದ್ದರು. ಆ ಸಂಜೆ ಹೋಟೆಲಿನ ಮುದುಕಿ ಕಂಚಿನ ತಟ್ಟೆಯಲ್ಲಿ ಕಪ್ಪಗೆ ಹೊಳೆಯುವ ಒಂದು ಗುಡ್ಡೆ ತಂದಿಟ್ಟಳು. ಭಾವ ಮುಟ್ಟಿ ನೋಡಿದರು. ಮೂಸಿದರು. "ರಾಗಿ ಕಣಮ್ಮಿ" ಎಂದು ಹೆಂಡತಿಯನ್ನು ಕೂಗಿದ ದನಿ ನಡುಗುತ್ತಿತ್ತು. ಢಿಂಡೋ ಎನ್ನುತ್ತಾರಂತೆ. ಉಂಡೆ ಕಟ್ಟುವುದಿಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ನಮ್ಮದೇ. ಮುದುಕಿ ನಮ್ಮೆದುರು ಕೂತು, ಹಲ್ಲಿಗೆ ಬೆರಳು ತೋರಿಸಿ ಬೇಡವೆಂದು ಕೈಯಾಡಿಸಿ, ಗಂಟಲಿಗೆ ತೋರಿಸಿ ನುಂಗುವುದನ್ನು ಕಲಿಸಲು ಶುರುಮಾಡಿದಳು.

"ಮುದ್ದೆ ನುಂಗೋದ ನಮಗೇ ಏಳ್ಕೊಡ್ತಾಳೆ ನೋಡು" ಎಂದಳು ಜಯಕ್ಕ. ಭಾವ ಒಂದು ದೊಡ್ಡ ತುತ್ತು ಮಾಡಿ, ಸಾರಿಗೆ ಅದ್ದಿ, ಕಣ್ಣು ಮುಚ್ಚದೆ ಇಳಿಸಿದರು. ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. ಮತ್ತೆ ಬಡಿಸಿದಳು.

ಮಾರನೆಯ ಬೆಳಗ್ಗೆ ನನ್ನ ಗ್ರಹಚಾರ. ಚಳಿಗೆ ಸ್ಟಾರ್ಟರ್ ಕೂಗಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಲು ಹೋದೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು, ಬೇರೆ ಬೆರಳುಗಳ ಜೊತೆಗೇ ಇಡಬೇಕು, ಎಂಜಿನ್ ಹಿಂದಕ್ಕೆ ಒದೆಯುತ್ತದೆ ಎಂದು ಮಾವನವರು ಹೇಳಿಕೊಟ್ಟಿದ್ದರು. ಚಳಿಗೆ ಬೆರಳು ಮರಗಟ್ಟಿ, ಹೆಬ್ಬೆರಳನ್ನೂ ಹಿಡಿಗೆ ಸುತ್ತಿಬಿಟ್ಟಿದ್ದೆ. ಒದೆಯಿತು. ಮಣಿಕಟ್ಟಿನಲ್ಲಿ ಲಟಕ್ಕೆಂದಿತು. ನೋಡನೋಡುತ್ತಿದ್ದಂತೆ ಬದನೆಕಾಯಿಯ ಹಾಗೆ ಊದಿಕೊಂಡಿತು. ಮುದುಕಿ ಯಾವುದೋ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದಳು. ಮೂಳೆ ಮುರಿದಿಲ್ಲ, ಆದರೆ ಸ್ಟೇರಿಂಗ್ ಹಿಡಿಯುವ ಮಾತಿಲ್ಲ.

ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡೆ. ಬೀದಿಯಲ್ಲಿ ಖಾಲಿ ಲಾರಿಯೊಂದು ನಿಂತಿತ್ತು, ಕೆಳಗೆ ಪೋಖರಾಕ್ಕೆ ಹೋಗುವುದು. ಭಾವ ಅದನ್ನು ನೋಡಿದ್ದನ್ನು ನಾನೂ ನೋಡಿದೆ. ಕಾರನ್ನು ಅದಕ್ಕೆ ಕಟ್ಟಿಸೋಣ ಎಂದು ಒಂದು ಮಾತು ಅಂದಿದ್ದರೆ ಸಾಕು, ಗೆದ್ದುಬಿಡುತ್ತಿದ್ದರು. ಅವರು ಕೈಬಾಯಿ ತೊಳೆದುಕೊಂಡು ಬಂದು, ಪಂಚೆ ಎತ್ತಿ ಕಟ್ಟಿ, ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊತ್ತಿಸಿ, ಡ್ರೈವರ್ ಬಾಗಿಲು ತೆಗೆದರು.

"ಜಯಾ ಇಷ್ಟ್ ದೂರ ಬಂದವ್ಳೆ. ಗುಡಿ ಕಾಣ್ದೆ ವಾಪಸ್ ಓದ್ರೆ ನನ್ನ ಬುಡ್ತಾಳಾ?" ಎಂದರು. ಮುಖ ಸುಣ್ಣದ ಹಾಗಿತ್ತು. ನಾಲೆಯ ದಿನದಿಂದ ಈಚೆಗೆ ಆ ಸೀಟಿನಲ್ಲಿ ಅವರು ಕೂತಿರಲಿಲ್ಲ.

ಹಳ್ಳದಲ್ಲಿ

ತಾತೋಪಾನಿಯಿಂದ ಮೇಲಕ್ಕೆ ಒಂದು ಕಡೆ ಬೆಟ್ಟದ ಹಳ್ಳ ರಸ್ತೆಯ ಮೇಲೇ ಹರಿದು ಕೆಳಗೆ ನದಿಗೆ ಬೀಳುತ್ತದೆ. ನೀರಿನೊಳಗೆ ಬುಡ ಕಾಣದ ಕಲ್ಲುಗಳು. ಅಂಚಿಗೆ ತಡೆಗೋಡೆ ಇಲ್ಲ. ಜಯಕ್ಕ ಇಳಿದು ನಡೆದೇ ದಾಟಿದಳು. ನಾನು ಭಾವನವರ ಪಕ್ಕ ಕೂತೆ. ನಡುನೀರಿನಲ್ಲಿ ಕ್ಲಚ್ಚನ್ನು ಒಮ್ಮೆಲೇ ಎತ್ತಿಬಿಟ್ಟರು. ಗಾಡಿ ಕುಪ್ಪಳಿಸಿ ನಿಂತಿತು. ನೀರು ಬಾಗಿಲಿನ ಕೆಳಗಿಂದ ಒಳಗೆ ಬಂದು ನನ್ನ ಪಾದ ತೊಯ್ಯಿತು. ಹಿಮದ ನೀರು, ಮೂಳೆಗೇ ಇಳಿಯಿತು.

ಆಚೆ ದಡದಲ್ಲಿ ಟ್ರ್ಯಾಕ್ಟರಿನವನೊಬ್ಬ ಕಾದಿದ್ದ. ಅವನ ಕೆಲಸವೇ ಅದಿರಬೇಕು. ಹಗ್ಗವನ್ನು ಎತ್ತಿ ತೋರಿಸಿದ. ನಾನು ನನ್ನ ಕಟ್ಟಿದ ಕೈ ನೋಡಿಕೊಂಡೆ, ಕೆಳಗಿನ ನದಿ ನೋಡಿದೆ. ಕಾರಿಗಿಂತ ಜೀವ ದೊಡ್ಡದು.

"ಕಟ್ಟಿಸ್ರಿ ಭಾವ" ಎಂದೆ.

ಭಾವ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡಂತೆ ಹಿಡಿದಿದ್ದರು. "ಅಗ್ಗ ಬ್ಯಾಡ," ಎಂದರು. "ಆವತ್ತು ಎತ್ತು ಕಟ್ಟಿ ಎಳೆಸ್ದಾಗ ಊರೆಲ್ಲ ದಂಡೇಲಿ ನಿಂತಿತ್ತು ರತ್ನಮ್ಮ. ಇನ್ನೊಂದ್ಸಲ ಬ್ಯಾಡ. ನೀ ಏಳ್ಕೊಡು, ಅಪ್ಪ ನಿಂಗೆ ಏಳ್ಕೊಟ್ಟಂಗೆ."

ಭಾವ ಕೀಲಿ ತಿರುಗಿಸಿದರು. ಎಂಜಿನ್ ಮತ್ತೆ ಹೊತ್ತಿಕೊಂಡಿತು, ದೇವರು ದೊಡ್ಡವನು. "ಕ್ಲಚ್ ಬುಡಿ ಭಾವ" ಎಂದೆ. "ಮೆಲ್ಲುಕ್ ಬುಡಿ. ಬುಡಿ. ಇನ್ನೂ ಮೆಲ್ಲುಕ್ ಬುಡಿ." ಹಳ್ಳದ ಸದ್ದಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗುತ್ತಿದ್ದೆ. ದಡದಲ್ಲಿ ಬುಟ್ಟಿ ಹೊತ್ತು ನಿಂತಿದ್ದ ಹೆಂಗಸರು ಅದನ್ನು ಕೇಳಿ ಕಿಸಕ್ಕೆಂದರು. ಬುಟ್ಟಿ ಇಳಿಸಿ ನೀರಿಗಿಳಿದರು. ಹಿಂದಿನಿಂದ ಕೈ ಹಾಕಿ, "ಲ, ಬುಢೀ, ಲ" ಎಂದು ಒಂದೇ ರಾಗದಲ್ಲಿ ತಳ್ಳತೊಡಗಿದರು. ಟ್ರ್ಯಾಕ್ಟರಿನವನೂ ಹಗ್ಗ ಬಿಸಾಕಿ ಬಂದು ಹೆಗಲು ಕೊಟ್ಟ. ಒಳಗೆ ನಾನು ಬುಡಿ ಎನ್ನುವುದು, ಹೊರಗೆ ಅವರು ಬುಢೀ ಎನ್ನುವುದು. ಗಾಡಿ ಕಲ್ಲು ಹತ್ತಿತು, ಇಳಿಯಿತು, ಹತ್ತಿತು, ದಡ ಸೇರಿತು.

ಭಾವ ಎಂಜಿನ್ ಆರಿಸಲಿಲ್ಲ, ಬ್ರೇಕಿನ ಮೇಲೆ ಕಾಲಿಟ್ಟು ಹಾಗೇ ಕೂತಿದ್ದರು. ಮೀಸೆಯ ತುದಿಯಲ್ಲಿ ನೀರಿತ್ತು. ಹಳ್ಳದ ನೀರೋ ಕಣ್ಣಿನದೋ ನಾನು ಕೇಳಲಿಲ್ಲ.

ಮಾರ್ಫಾ

ಮೇಲೆ ಹೋದ ಹಾಗೆ ಕಾಡು ಮುಗಿಯಿತು, ಹಸಿರು ಮುಗಿಯಿತು, ಕಣಿವೆ ಇದ್ದಕ್ಕಿದ್ದಂತೆ ಹರವಾಯಿತು. ಎಡಕ್ಕೊಂದು ಹಿಮದ ರಾಶಿ, ಬಲಕ್ಕೊಂದು, ನಡುವೆ ಬರಿಯ ಬೂದು ಕಲ್ಲಿನ ಬಯಲು, ಅದರಲ್ಲಿ ನದಿ ದಾರದೆಳೆಯಷ್ಟಾಗಿ ಹರಿಯುತ್ತಿತ್ತು. ಮಧ್ಯಾಹ್ನವಾಗುತ್ತಲೇ ಗಾಳಿ ಎದ್ದಿತು. ಗಾಳಿಯೆಂದರೆ ನಮ್ಮ ಆಷಾಢದ ಗಾಳಿಯಲ್ಲ. ಬಾಗಿಲು ತೆಗೆದರೆ ಮುಚ್ಚಲು ಇಬ್ಬರು ಬೇಕು. ಅಲ್ಲಿ ನಾನು ಎಷ್ಟು ಚಿಕ್ಕವಳೆನ್ನಿಸಿತೆಂದರೆ, ಹೇಳಿದರೆ ನಗುತ್ತೀರಿ, ನನಗೆ ಅದರಿಂದ ಸುಖವಾಯಿತು. ಯಾವ ಜಗಳವೂ ಅಲ್ಲಿ ದೊಡ್ಡದೆನ್ನಿಸಲಿಲ್ಲ.

ಮಾರ್ಫಾ ಊರಿನಲ್ಲಿ ಎಲ್ಲ ಮನೆಗಳಿಗೂ ಸುಣ್ಣ. ಚಪ್ಪಟೆ ಮಾಳಿಗೆ. ಮಾಳಿಗೆಯ ಅಂಚಿನ ಸುತ್ತ ಸೌದೆಯನ್ನು ಅಳತೆ ಹಿಡಿದು ಜೋಡಿಸಿದ್ದಾರೆ. ಭಾವ ಗಾಡಿ ನಿಲ್ಲಿಸಿದವರೇ, "ಇವ್ರೂ ಒಗೆಸೊಪ್ಪು ಬೇಯಿಸ್ತಾರೆ ಕಣವ್ವ. ಸೌದೆ ನೋಡು. ಬ್ಯಾರನ್ ಎಲ್ಲವೆ?" ಎಂದು ಊರೊಳಕ್ಕೆ ಹೊರಟರು. ಸೊಪ್ಪು ಬೇಯಿಸುವ ಮಣ್ಣಿನ ಗೂಡಿಗೆ ನಮ್ಮ ಕಡೆ ಬ್ಯಾರನ್ ಎನ್ನುತ್ತೇವೆ. ಅಷ್ಟು ಸೌದೆ ಇಟ್ಟುಕೊಂಡವನು ಹೊಗೆಸೊಪ್ಪಿನವನೇ ಇರಬೇಕೆಂದು ಹುಣಸೂರು, ಪಿರಿಯಾಪಟ್ಟಣದವರಲ್ಲದೆ ಇನ್ಯಾರು ಅಂದುಕೊಳ್ಳುತ್ತಾರೆ? ಗಲ್ಲಿ ಗಲ್ಲಿ ಸುತ್ತಿ ಸೇಬಿನ ತೋಟ ನೋಡಿಕೊಂಡು ಬಂದರು. ಆ ಸೌದೆ ಉರಿಸುವುದಕ್ಕಲ್ಲವಂತೆ. ಮನೆತನಕ್ಕೊಂದು ಮರ್ಯಾದೆಯಂತೆ, ಅಜ್ಜನ ಕಾಲದ ಸೌದೆ ಇನ್ನೂ ಹಾಗೇ ಇದೆಯಂತೆ.

"ಉರಿಸದ ಸೌದೆ ಮಡಿಕ್ಕೊಂಡು ಏನ್ಮಾಡ್ತಾರೆ?" ಎಂದರು.

"ಓಡಿಸ್ದಿರೋ ಗಾಡಿ ಮಡಿಕ್ಕೊಂಡು ರೆಸಾರ್ಟಿನೋರು ಏನ್ಮಾಡ್ತಾರೋ ಅದೇ" ಎಂದೆ.

ಕಾಗ್ಬೇನಿ

ಕಾಗ್ಬೇನಿಯಲ್ಲಿ ರೇಡಿಯೇಟರ್ ತಣ್ಣಗಾಗಲೆಂದು ನಿಂತಿದ್ದಾಗ ಹಿಂದಿನಿಂದ ಯಾರೋ ಅಕ್ಷರ ಕೂಡಿಸಿಕೊಂಡು ಓದುವುದು ಕೇಳಿಸಿತು. "ಶ್ರೀ... ಸಿಡಿಲು... ಮಲ್ಲಿಕಾರ್ಜುನ." ತಿರುಗಿ ನೋಡಿದರೆ ಕೆಂಪು ಬಟ್ಟೆ ಉಟ್ಟ ಬೌದ್ಧ ಸನ್ಯಾಸಿ, ನಡುವಯಸ್ಸಿನವರು.

"ಬೆಟ್ಟದಪುರದೋರಾ?" ಎಂದರು.

ನಾವು ಮೂವರೂ ಅವರನ್ನು ಸುತ್ತುವರಿದೆವು. ಹೆಸರು ತಾಶಿ, ಈ ಕಣಿವೆಯವರೇ. ಎಳೆಯ ವಯಸ್ಸಿನಲ್ಲೇ ನಮ್ಮೂರಿನ ಹತ್ತಿರದ ಬೈಲಕುಪ್ಪೆಯ ಬೌದ್ಧ ಮಠಕ್ಕೆ ಓದಲು ಕಳಿಸಿದ್ದರಂತೆ. ಮಠಕ್ಕೆ ತರಕಾರಿ ತರಲು ಸಂತೆಗೆ ಇವರನ್ನೇ ಅಟ್ಟುತ್ತಿದ್ದರಂತೆ. "ಟೊಮೇಟೊ ಕೊಳೆತದ್ದು ಹಾಕ್ಬ್ಯಾಡ ಕಣಮ್ಮ ಅಂತ ಜಗಳ ಆಡಿ ಆಡಿ ಕನ್ನಡ ಬಂತು" ಎಂದು ನಕ್ಕರು. ಹಿಮದ ಬೆಟ್ಟದ ಬುಡದಲ್ಲಿ, ಆ ಗಾಳಿಯಲ್ಲಿ, ಪಿರಿಯಾಪಟ್ಟಣದ ಸಂತೆಯ ಮಾತು. ನಾನು ಕಂಡ ಎಲ್ಲ ಬೆಟ್ಟಗಳಿಗಿಂತ ಅದು ನನಗೆ ಹೆಚ್ಚು ಅಚ್ಚರಿಯಾಯಿತು.

ಭಾವ ಸಂಭ್ರಮದಿಂದ ತಮ್ಮ ಪ್ರತಾಪ ಹೇಳಿಕೊಂಡರು. "ನಿಮ್ಮ ಪೊಲೀಸರಿಗೂ ಕನ್ನಡ ಬತ್ತದೆ ಸ್ವಾಮಿ. ಬುಡಿ ಅಂದ್ರೆ ಸಾಕು, ಬುಡ್ತಾರೆ."

ತಾಶಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬುಢೀ ಎಂದರೆ ಅವರ ಮಾತಿನಲ್ಲಿ ಮುದುಕಿ. ಗಾಡಿಯೊಳಗೆ ಮುದುಕಿ ಇದ್ದಾಳೆ ಸಾರ್, ಮುದುಕಿ ಇದ್ದಾಳೆ ಎಂದು ಭಾವ ದೇಶದುದ್ದಕ್ಕೂ ಸಾರಿಕೊಂಡು ಬಂದಿದ್ದರು. ಮುಕ್ತಿನಾಥಕ್ಕೆ ಹೊರಟ ಮುದುಕಿಯನ್ನು ಯಾವ ಪೊಲೀಸಿನವನು ತಡೆಯುತ್ತಾನೆ?

ಜಯಕ್ಕ ಕಾರಿನಿಂದ ಇಳಿದಳು. ಕಂಬಳಿ ಕೊಡವಿದಳು. "ಇಷ್ಟ್ ದಿನ ನನ್ನ ಮುದ್ಕಿ ಅಂತ ತೋರಿಸ್ಕೊಂಡ್ ಬಂದ್ರಾ? ಅವ್ರು ಕೈ ಮುಗ್ದಿದ್ದು ಅದಕ್ಕಾ?"

"ನಮ್ಮಲ್ಲಿ ಎಂಡ್ತಿಗೂ ಬುಢೀ ಅಂತಾರಮ್ಮ, ಪ್ರೀತಿಗೆ" ಎಂದು ತಾಶಿಯವರು ಸಮಾಧಾನ ಹೇಳಿದರು.

"ಪ್ರೀತಿನೂ ಬ್ಯಾಡ, ಏನೂ ಬ್ಯಾಡ. ಬುಡಿ ನಾನಲ್ಲ, ಇಗೋ ಇವ್ಳು" ಎಂದು ಜಯಕ್ಕ ಕಾರಿನ ಬಾನೆಟ್ಟಿಗೆ ಒಂದೇಟು ಕೊಟ್ಟಳು. ಕಾರಿಗೆ ಹೆಸರಿಡುವ ಚಾಳಿ ನಮ್ಮ ಮನೆಯಲ್ಲಿರಲಿಲ್ಲ. ಆವತ್ತಿನಿಂದ ಅದಕ್ಕೆ ಬುಡಿ ಎಂದೇ ಹೆಸರಾಯಿತು. ತಾಶಿಯವರು ಬಿಳಿಯ ತೆಳು ಶಲ್ಯವೊಂದನ್ನು ತಂದು ಬುಡಿಯ ಮೂತಿಗೆ ಕಟ್ಟಿ, ತಲೆ ಬಾಗಿ ನಮಸ್ಕಾರ ಮಾಡಿದರು. ಭಾವ ನೋಡುತ್ತ ನಿಂತಿದ್ದರು. ಕೊನೆಗೆ ತಾವೂ ಕೈ ಮುಗಿದರು.

ಮುಕ್ತಿನಾಥ

ಕೊನೆಯ ಏರಿನಲ್ಲಿ ನಮಗಿಂತ ಮೊದಲು ಬುಡಿಗೆ ಉಸಿರು ಕಟ್ಟಿತು. ಅಷ್ಟು ಎತ್ತರದಲ್ಲಿ ಗಾಳಿಯೇ ತೆಳುವಂತೆ, ಎಂಜಿನ್ ಕೆಮ್ಮಿ ಕೆಮ್ಮಿ ಕಪ್ಪು ಹೊಗೆ ಬಿಟ್ಟಿತು. ಭಾವ ಮೊದಲನೇ ಗೇರಿನಲ್ಲೇ, ಗಾಡಿಯ ಜೊತೆ ಮಾತಾಡಿಕೊಂಡು ಹತ್ತಿಸಿದರು. "ಇಷ್ಟೇ ಕಣಮ್ಮಿ, ಇನ್ನಿಷ್ಟೇ" ಎನ್ನುತ್ತಿದ್ದರು. ಹೆಂಡತಿಗೆ ಹೇಳುತ್ತಿದ್ದಾರೋ ಗಾಡಿಗೋ ಎಂದು ಜಯಕ್ಕ ಕಣ್ಣಲ್ಲೇ ನನ್ನನ್ನು ಕೇಳಿದಳು.

ಗಾಡಿ ಊರಿನಲ್ಲಿ ನಿಲ್ಲುತ್ತದೆ, ಗುಡಿಗೆ ನಡೆಯಬೇಕು. ಗುಡಿಯ ಹಿಂದೆ ಸಾಲಾಗಿ ನೂರೆಂಟು ಧಾರೆ, ಗೋವಿನ ಮುಖದಿಂದ ಬೀಳುವ ಹಿಮದ ನೀರು. ಜಯಕ್ಕ ಸೆರಗು ಬಿಗಿದುಕೊಂಡು ಅದರ ಕೆಳಗೆ ಓಡಿದಳು. ಹಿಂತಿರುಗಿ ಬರುವಷ್ಟರಲ್ಲಿ ತುಟಿ ನೀಲಿಯಾಗಿತ್ತು, ಮುಖದಲ್ಲಿ ಮಾತ್ರ ಹದಿನಾರರ ಹುಡುಗಿಯ ನಗು. ಪಕ್ಕದ ಇನ್ನೊಂದು ಗುಡಿಯನ್ನು ಬೌದ್ಧ ಸನ್ಯಾಸಿನಿಯರು ನೋಡಿಕೊಳ್ಳುತ್ತಾರೆ. ಒಬ್ಬಾಕೆ ಪರದೆ ಸರಿಸಿ ತೋರಿಸಿದಳು. ಕಲ್ಲಿನ ಸಂದಿಯಲ್ಲಿ ನೀರು ಹರಿಯುವ ಸದ್ದು, ಅದೇ ಸಂದಿಯಲ್ಲಿ ಬೆರಳುದ್ದದ ನೀಲಿ ಉರಿ. ಎಣ್ಣೆಯಿಲ್ಲ, ಬತ್ತಿಯಿಲ್ಲ. ಯಾವ ಕಾಲದಿಂದಲೋ ಉರಿಯುತ್ತಿದೆಯಂತೆ.

ನಾನು ಬೆಂಕಿಯ ಮುಂದೆಯೇ ಬದುಕಿದವಳು. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಒಲೆಗೆ ಸೌದೆ ನೂಕಿ ನೂಕಿ, ಉರಿ ಆರದ ಹಾಗೆ ಕಾದು ಕೂತವಳು. ಯಾರೂ ಸೌದೆ ಹಾಕದ ಆ ಉರಿಯನ್ನು ನೋಡಿ ನನಗೆ ಅಳು ಬಂತು. ದುಃಖದ ಅಳುವಲ್ಲ. ಇಷ್ಟು ದೊಡ್ಡ ಬೆಟ್ಟದ ಹೊಟ್ಟೆಯಲ್ಲಿ ಇಷ್ಟು ಚಿಕ್ಕ ಉರಿ ಯಾರ ಹಂಗೂ ಇಲ್ಲದೆ ಇರುವುದನ್ನು ಕಣ್ಣಾರೆ ಕಂಡೆನಲ್ಲ ಎಂದು. ಜಯಕ್ಕ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ನನ್ನ ಹಣೆಗೂ ಆ ಸನ್ಯಾಸಿನಿಯ ಹಣೆಗೂ ಹಚ್ಚಿದಳು. ಸನ್ಯಾಸಿನಿ ಬೇಡವೆನ್ನಲಿಲ್ಲ. ಭಾವ ಮೆಟ್ಟಿಲಿಳಿಯುವಾಗ ಮತ್ತೆ ಮತ್ತೆ ಕೆಳಗೆ ಬಗ್ಗಿ ನೋಡುತ್ತಿದ್ದರು. ಏನು ಭಾವ ಎಂದರೆ, "ಗಾಡಿ ಚಕ್ರಕ್ಕೆ ಕಲ್ಲು ಕೊಟ್ಟಿದ್ನಾ ಅಂತ" ಎಂದರು.

ಕಬ್ಬಿನ ಸೀಮೆ

ಇಳಿದದ್ದು ಸಲೀಸು. ನನ್ನ ಕೈ ಇನ್ನೂ ಪೂರಾ ಬಗ್ಗುತ್ತಿರಲಿಲ್ಲ, ಭಾವನವರೇ ಓಡಿಸಿದರು. ಬೆಟ್ಟ ದಾಟಿ, ಗಡಿ ದಾಟಿ, ನಮ್ಮ ದೇಶದ ಬಯಲಿನಲ್ಲಿ, ಇನ್ನೇನು ಗೆದ್ದೆವು ಎನ್ನುವಾಗ ಕಬ್ಬಿನ ಗದ್ದೆಗಳ ನಡುವೆ ನೀರಿನ ಪಂಪು ಕಿತ್ತುಕೊಂಡು ಹೋಯಿತು. ಹೊಗೆಯಲ್ಲ, ಹಬೆಯ ಮಳೆ. ಊರು ದೂರ. ತಳ್ಳಿ ಮುಗಿಯುವ ದಾರಿಯಲ್ಲ. ಕಬ್ಬಿನ ಟ್ರ್ಯಾಕ್ಟರಿನವನು ನಿಲ್ಲಿಸಿ ಹಗ್ಗ ತೆಗೆದ.

ಈ ಸಲ ಯಾರೂ ಬೇಡವೆನ್ನಲಿಲ್ಲ. ಅವನು ಹಗ್ಗ ಕಟ್ಟುವುದನ್ನು ನಿಂತು ನೋಡಲಾರದೆ ನಾನು ಕಬ್ಬಿನ ಮರೆಗೆ ಹೋಗಿ ಅತ್ತುಬಿಟ್ಟೆ. ಹಿಂತಿರುಗುವಾಗ ಭಾವ ರಸ್ತೆಯಂಚಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದರು. "ಊಂ ಸಾರ್, ಅಗ್ಗ ಕಟ್ಟಿದ್ರು. ಮಾತು ಅಂದ್ರೆ ಮಾತು. ಲಾರಿ ತಂದ್ಬುಡಿ ಬೆಟ್ಟದಪುರಕ್ಕೆ." ನನ್ನನ್ನು ಕಂಡು ಮುಖ ತಿರುಗಿಸಿದರು. ಒಪ್ಪಂದ ಒಪ್ಪಂದವೇ.

ಪಂಪು ರಿಪೇರಿಯಾಗುವಷ್ಟರಲ್ಲಿ ನನ್ನ ಕೈಯೂ ಸರಿಯಾಗಿತ್ತು. ಆದರೂ ಭಾವ ಸ್ಟೇರಿಂಗ್ ಬಿಡಲಿಲ್ಲ. "ಇನ್ನೆಷ್ಟು ದಿನ, ನಾನೇ ಓಡಿಸ್ತೀನಿ" ಎಂದರು. ಬುಡಿಯ ಮೂತಿಗೆ ಕಟ್ಟಿದ್ದ ಬಿಳಿ ಶಲ್ಯ ಧೂಳು ಹಿಡಿದು ಕಂದಾಗಿತ್ತು. ಜಯಕ್ಕ ಒಂದು ಕಡೆ ಅದನ್ನು ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ಕಟ್ಟಿದಳು.

ಮತ್ತೆ ಬೆಟ್ಟದಪುರ

ಹುಣಸೂರು ದಾಟಿದ ಮೇಲೆ ಹೊಲಗಳಲ್ಲಿ ಸಸಿಮಡಿಗಳ ಹಸಿರು. ದೂರದಲ್ಲಿ ನಮ್ಮ ಬೆಟ್ಟ ಕಂಡಿತು. ಅಷ್ಟೆಲ್ಲ ಹಿಮದ ಬೆಟ್ಟ ಕಂಡು ಬಂದ ಕಣ್ಣಿಗೆ ಅದು ಚಿಕ್ಕದಾಗಿ ಕಾಣಬೇಕಿತ್ತು. ಕಾಣಲಿಲ್ಲ.

ನಮ್ಮ ಮನೆಯ ಗೇಟಿಗೆ ಅಡ್ಡವಾಗಿ ಲಾರಿ ನಿಂತಿತ್ತು. ರೆಸಾರ್ಟಿನ ಮ್ಯಾನೇಜರು, ನನ್ನ ಗಂಡ, ಸುತ್ತಮುತ್ತಲ ಮನೆಯವರು ಕಾದು ನಿಂತಿದ್ದರು. ಲಾರಿಯಲ್ಲಿ ಹೊಸ ಹಗ್ಗದ ಸುರುಳಿ. ನಾನು ಅದನ್ನು ನೋಡದೆ ಇರಲು ನನ್ನ ಕೈಯನ್ನೇ ನೋಡಿಕೊಂಡೆ. ಮ್ಯಾನೇಜರು ಒಳ್ಳೆಯ ಹುಡುಗ, ನಗುತ್ತ ಹತ್ತಿರ ಬಂದರು. ಭಾವ ಎಂಜಿನ್ ಆರಿಸಲಿಲ್ಲ. ಕಿಟಕಿಯ ಗಾಜು ಇಳಿಸಿದರು.

"ಬುಡಿ ಸಾರ್" ಎಂದರು.

"ಏನ್ ಸಾರ್?"

"ಬುಡಿ ಅಂದೆ. ಆ ಮಾತು ಬುಡಿ."

"ಅಗ್ಗ ಕಟ್ಟಿದ್ರು ಅಂತ ನೀವೇ ಫೋನ್ ಮಾಡಿ ಏಳಿದ್ರಲ್ಲ ಸಾರ್. ಮಾತು ಅಂದ್ರೆ ಮಾತು ಅಂದ್ರಿ."

"ಅಂದೆ. ಅಗ್ಗ ಕಟ್ಟಿದ್ದೂ ನಿಜ." ಭಾವ ಬಾನೆಟ್ಟಿನ ಮೇಲೆ ಹಾರಾಡುತ್ತಿದ್ದ ಬಿಳಿ ಶಲ್ಯವನ್ನು ನೋಡಿದರು. "ನಂಗೂ ಒಂದ್ಸಲ ಅಗ್ಗ ಕಟ್ಟಿ ಎಳೆಸಿದ್ರು ಸಾರ್. ಅದಕ್ಕೆ ಇಷ್ಟ್ ವರ್ಸ ಮೂಲೇಲಿ ಕೂತಿದ್ದೆ. ಇವ್ಳನ್ನ ಕೂರಿಸಲ್ಲ."

ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಭಾವನವರ ಕಡೆಗೇ ಕೈ ತೋರಿಸಿದೆ. ಹಿಂದಿನ ಸೀಟಿನಿಂದ ಜಯಕ್ಕ ಬಗ್ಗಿ, "ಬುಡಪ್ಪ, ಪಾಪ, ಒಳಗೆ ಮುದ್ಕಿ ಕೂತವ್ಳೆ. ದಾರಿ ಬುಡು" ಎಂದಳು. ಯಾವ ಮುದುಕಿ ಎಂದು ಅವಳು ಹೇಳಲಿಲ್ಲ.

ಲಾರಿ ಹಿಂದಕ್ಕೆ ಸರಿಯಿತು. ಭಾವ ಗೇರು ಹಾಕಿ ನನ್ನ ಕಡೆ ತಿರುಗಿ ಕಾದರು. ನಾನು ಹೇಳಿಕೊಡಲಿ ಎಂದು ಕಾಯುತ್ತಿದ್ದಾರೆಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ಮೆಲ್ಲುಕ್ ಬುಡಿ ಭಾವ" ಎಂದೆ.

ಭಾವ ಮೆಲ್ಲಗೆ ಬಿಟ್ಟರು. ಗಾಡಿ ಕುಲುಕಲಿಲ್ಲ, ಒಳಗೆ ಬಂತು.